ಹಕ್ಕಲು

ಚಳ್ಳಕೆರೆಯ ಎಣ್ಣೆಮಿಲ್ಲಿನ ಹಿಂದೆ
ಹಿಂಡಿಚೀಲದ ಮೇಲೆ ಕೂತು
ನಾನೂ ಗಾದ್ರಪ್ಪನೂ ಓದುತ್ತೇವೆ;
ಇಬ್ಬರಿಗೂ ಒಂದೇ ಕನ್ನಡಕ, ಸರದಿ ಮೇಲೆ.

ಯಹೂದಿ ಹಿರಿಯರ ಕಟ್ಟಳೆ:
ಹೊಲದಲ್ಲಿ ಮರೆತ ಸಿವುಡು ನಿನ್ನದಲ್ಲ,
ತಿರುಗಿ ಹೋಗಬೇಡ,
ಅದು ಇಲ್ಲದವರದು.

‘ಬೇಕಂತಲೇ ಬಿಟ್ರೆ?’
‘ಅದು ದಾನ. ಮರೆವಲ್ಲ.’
‘ಹಂಗಾದ್ರೆ ಈ ಪುಣ್ಯ ಮಾಡೋದು ಹೆಂಗೆ?’
‘ಮಾಡಕ್ಕಾಗಲ್ಲ. ತಾನಾಗಿ ಆಗ್ಬೇಕು.’
ಜಗಳ ಹತ್ತಿತು. ಟೀ ಆರಿತು.
ಆ ಹಿರಿಯರೂ ಹೀಗೇ ಕಿತ್ತಾಡಿ
ಸೋತವನ ಮಾತನ್ನೂ ಬರೆದಿಟ್ಟರಂತೆ.

ಶೇಂಗಾ ಕಿತ್ತ ಮರುದಿನ
ಅವನ ಹೊಲದಲ್ಲಿ ಹಕ್ಕಲಾಯುವ ಹೆಂಗಸರು.
ಪಾಲಕ್ಕನ ಮಡಿಲು ಜೋಲುತ್ತಿದೆ.
ಬೇವಿನ ಬುಡದಲ್ಲಿ, ಕಾಯಿ ಬಿಡಿಸದ್ದು,
ಇಡೀ ಒಂದು ಗುಡ್ಡೆ.

‘ಮರೆತೆಯಾ?’ ಅಂದೆ.
ಗಾದ್ರಪ್ಪ ಕನ್ನಡಕ ಒರೆಸಿ ಹಾಕಿಕೊಂಡ.
ಸರದಿ ನನ್ನದಿತ್ತು.