ಅರವತ್ತೊಂದು ದಿನ

ಜೂನ್ ಒಂದಕ್ಕೆ ಬೈತಖೋಲಿನಲ್ಲಿ ಬೋಟು ಕಟ್ಟಿಹಾಕುತ್ತಾರೆ,
ಮೂತಿಗೆ ಮೂತಿ ತಾಗಿಸಿ, ಬಲೆ ಮಡಚಿ ತಾಡಪತ್ರಿಯ ಕೆಳಗೆ.
ಮೀನಿನ ಹೊಟ್ಟೆಯಲ್ಲೀಗ ತತ್ತಿ.
ಮುಟ್ಟುವ ಹಾಗಿಲ್ಲ ಯಾರೂ. ಮುಟ್ಟಿದರೆ ದಂಡ.
ಕಾಯಲಿಕ್ಕೆ ಗಸ್ತಿನ ದೋಣಿಯೂ ಉಂಟು.

ಅದೇ ವಾರ ನಾನು ಟೈಪ್‌ರೈಟರಿಗೆ ಹೊಸ ರಿಬ್ಬನ್ ಹಾಕುತ್ತೇನೆ.

ಕಾರವಾರದ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿಯ ಜಗಲಿ ನನ್ನದು.
ಬಾಡಿಗೆ ಕರಾರು, ವಾರಸಾ ಅರ್ಜಿ, ಹೆಸರು ತಿದ್ದುವ ಅಫಿಡವಿಟ್ಟು;
ಕಡಲು ಬಂದಾಗಿ ಗಂಡಸರು ಮನೆಯಲ್ಲಿ ಕೂತಾಗ
ಯಾವ ಕಾಗದ ಹೆಚ್ಚುತ್ತದೆಂದು ನನ್ನ ಬೆರಳಿಗೆ ಗೊತ್ತು.
ಬೋಟಿನವರ ಮನೆಯವರೇ ಅಂತಲ್ಲ.
ಕಾಲೊನಿಯ ಕಡೆಯಿಂದಲೂ ಬರುತ್ತಾರೆ,
ಜಡಿಮಳೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು.
ಅವರಿಗೆ ಸೀಸನ್ನಿಲ್ಲ.

ಶೇವಂತಿ ತಾಂಡೇಲ ಬಂದದ್ದು ಹನ್ನೊಂದಕ್ಕೆ.
ಬುಟ್ಟಿ ಇಳಿಸಲು ಎಡಗೈ ಏಳಲಿಲ್ಲ.
"ಮೆಟ್ಟಿಲು ಜಾರಿತು" ಅಂದಳು.
ಕೋಡಿಬಾಗದ ಆ ಓಣಿಯಲ್ಲಿ ಯಾರ ಮನೆಗೂ ಮೆಟ್ಟಿಲಿಲ್ಲ.
ನಾನು ಕೆದಕಲಿಲ್ಲ. ನಾನೂ ಒಂದು ಕಾಲಕ್ಕೆ
ಇಲ್ಲದ ಬಾವಿಕಟ್ಟೆಗೆ ಎಡವಿ ಬಿದ್ದವಳು.
ಆಗ ಈ ನಮೂನೆ ಹುಟ್ಟಿರಲಿಲ್ಲ.

ಆಮೇಲೆ ಅವಳು ಹೇಳಿದಳು, ನಾನು ಬಡಿದೆ
(ಈ ಕೆಲಸಕ್ಕೂ ಅದೇ ಮಾತು, ಏನು ಮಾಡಲಿ).
ತಾರೀಕು. ವೇಳೆ. ಜಾಗ.
"ಸಾಕ್ಷಿ?"
"ಗೋಡೆಯಾಚೆ ಟೀವಿ ಶಬ್ದ ಜಾಸ್ತಿ ಮಾಡಿದರಲ್ಲ, ಅವರು."
"ಬೈದದ್ದೂ ಬರೀಬಹುದಾ, ಬಾಯಿ?"
ಬರೀಬಹುದು.
"ಬಂಗಡೆ ಮಾರಿದ ದುಡ್ಡು ಕಸಿದದ್ದು?"
ಅದಕ್ಕೂ ಒಂದು ಕಲಂ ಇದೆ.
ನಕ್ಕಳು ಆಗ, ಪಕ್ಕೆ ಹಿಡಿದುಕೊಂಡು:
"ಇದನ್ನು ಬರೆದವರು ನಮ್ಮನೆಗೆ ಬಂದಿದ್ದರಾ?"

ಮೂರು ದಿನದೊಳಗೆ ಮೊದಲ ವಿಚಾರಣೆ, ಅರವತ್ತು ದಿನದಲ್ಲಿ ಇತ್ಯರ್ಥ
ಎನ್ನುತ್ತದೆ ಕಾನೂನು.
ಮೀನಿಗಿಂತ ಒಂದು ದಿನ ಕಡಿಮೆಯೇ.

ಗಸ್ತು ಮಾತ್ರ ಇಲ್ಲ ಇಲ್ಲಿ.
ಸಂರಕ್ಷಣಾಧಿಕಾರಿಗೆ ಇನ್ನೆರಡು ಹುದ್ದೆಯ ಹೆಚ್ಚುವರಿ ಹೊರೆ, ಜೀಪು ಗ್ಯಾರೇಜಿನಲ್ಲಿ.
ನೋಟೀಸು ಮೂರು ಸಲ ಮರಳಿತು, "ವಿಳಾಸದಲ್ಲಿ ಇಲ್ಲ" ಎಂದು,
ಬಂದರಿನಲ್ಲಿ ಹಾಡುಹಗಲೇ ಅವನು ಬಲೆಯ ತೂತು ಹೆಣೆಯುತ್ತಿದ್ದ.
ಆಗಸ್ಟಿಗೆ ಬೋಟು ಹೋದವು, ತೆಂಗಿನಕಾಯಿ ತೇಲಿತು,
ಅವಳ ತಾರೀಕು ದೀಪಾವಳಿಗೆ ಹೋಯಿತು, ಅಲ್ಲಿಂದ ಶಿಮಗಾಕ್ಕೆ.
ಅಷ್ಟರಲ್ಲಿ ಇನ್ನೆರಡು ಸಲ ಮೆಟ್ಟಿಲು ಜಾರಿತು.

ಆದ್ದರಿಂದ, ಮಾನ್ಯರೇ, ಇದು ನನ್ನದೇ ಅರ್ಜಿ,
ಟೈಪಿಂಗ್ ಚಾರ್ಜಿಲ್ಲ.
ಗಸ್ತಿನ ದೋಣಿಗೆ ಸುರಿಯುವ ಡೀಸೆಲಿನಲ್ಲಿ ಒಂದು ಕ್ಯಾನು ಆ ಜೀಪಿಗೆ ಕೊಡಿ.
ಆ ಅಧಿಕಾರಿಗೆ ಅದೊಂದೇ ಕೆಲಸ ಕೊಡಿ, ತಾಲೂಕಿಗೊಬ್ಬರಂತೆ.
ಬಸ್‌ಸ್ಟ್ಯಾಂಡಿನಿಂದ ನಡೆದು ಮುಟ್ಟುವಷ್ಟು ದೂರದಲ್ಲಿ
ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಕೋಣೆ,
ಮಕ್ಕಳ ಸಮೇತ, ರಾತ್ರಿ ಎರಡಕ್ಕೆ ಹೋದರೂ
"ನಾಳೆ ಬನ್ನಿ" ಅನ್ನದ ಕೋಣೆ.
ಆಸ್ಪತ್ರೆಯ ಚೀಟಿಯಲ್ಲಿ "ಬಿದ್ದ ಗಾಯ" ಎಂದು ಬರೆಯುವ ಮೊದಲು
ಡಾಕ್ಟರು ಒಮ್ಮೆ ಕೇಳಲಿ,
ಗಂಡನನ್ನು ಹೊರಗೆ ಕಳಿಸಿ ಕೇಳಲಿ.
ಹೊಸ ಕಾನೂನು ಆಮೇಲೆ ಮಾಡಿ. ಇದ್ದದ್ದಕ್ಕೆ ಕಾಲು ಕೊಡಿ.

ಮರುವರ್ಷ ಜುಲೈ ಕೊನೆಗೆ ಆದೇಶ ಬಂತು:
ಅವನು ಹೊಡೆಯುವಂತಿಲ್ಲ, ಬುಟ್ಟಿಯ ಹತ್ತಿರ ಸುಳಿಯುವಂತಿಲ್ಲ,
ಮನೆಯಿಂದ ಅವಳನ್ನು ಹೊರಹಾಕುವಂತಿಲ್ಲ.
ಮೀನಿನ ನೀರು ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಂಡಳು.

ಆಗಸ್ಟ್ ಎರಡಕ್ಕೆ ಮತ್ತೆ ಬಂದಳು, ಮುಖ ಬಿಳುಚಿ.
"ಬೋಟು ಬಿಟ್ಟರಲ್ಲ ಬಾಯಿ,
ಇದರದ್ದೂ ಮುಗೀತಾ?"

ಇಲ್ಲ ಮಾರಾಯ್ತಿ. ನೀನಾಗಿ ಹೋಗಿ ಸಾಕು ಅನ್ನುವವರೆಗೆ
ಇದು ಇರುತ್ತದೆ.
ಓದು ಅಂದಳು. ಓದಿದೆ.
ಇನ್ನೊಮ್ಮೆ ಅಂದಳು.
ಝೆರಾಕ್ಸಿನ ಹುಡುಗ ಮಶೀನು ನಿಲ್ಲಿಸಿದ,
ಕೇಳಿಸಲೆಂದು.