ಹಿಂದಿನ ಪುಟಗಳ ಊರು

ದಿನಕ್ಕೆ ಮೂರು ಸಲ, ಮಳೆಗಾಲದಲ್ಲಿ ಗಂಟೆಗೊಮ್ಮೆ
ಕರಡಿಗೋಡಿನ ಹೊಳೆಬದಿಗಿಳಿದು
ಕೆಂಪು-ಬಿಳಿ ಅಳತೆಪಟ್ಟಿ ಓದಿ
ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ.
ಮುಂದಿನ ಪುಟಗಳು ಸರ್ಕಾರದವು.
ಹಿಂದಿನವು ನನ್ನವು.
ಅಲ್ಲೊಂದು ದೊಡ್ಡ ಊರು ಕಟ್ಟುತ್ತಿದ್ದೇನೆ,
ಇಪ್ಪತ್ತಾರು ಮಳೆಗಾಲದಿಂದ.

ಹೆಸರು ಏಳ್ಕಡವು.
ಅಲ್ಲಿ ಹೊಳೆ ಊರ ನಡುವೆ ಹರಿಯುವುದಿಲ್ಲ,
ಊರೇ ಹೊಳೆಯ ನಡುವೆ ಹಾದುಹೋಗುತ್ತದೆ.
ಹೊಸಬರಿಗೆ ದಾರಿ ತಪ್ಪುತ್ತದೆ,
ಅದಕ್ಕೇ ಗುರುತು ಹೇಳುತ್ತೇನೆ, ಕೇಳಿ.

ಪಡುವಣದಿಂದ ಬಂದರೆ ಮೊದಲು ನೆರಿಗೆಸೇತುವೆ.
ನಮ್ಮ ಹೆಂಗಸರ ಸೀರೆಯ ಹಾಗೆ
ನೆರಿಗೆಯೆಲ್ಲ ಹಿಂದಕ್ಕೆ;
ದಾಟಿ ಮುಗಿಸಿ ತಿರುಗಿ ನೋಡಿದವನಿಗೆ ಮಾತ್ರ
ಅದರ ಚಂದ.

ಸೇತುವೆಯ ಬುಡದಲ್ಲಿ ಮಂಜಿನ ಸಂತೆ.
ಬೆಳಗಿನ ಜಾವ ಸೇರಿನಲ್ಲಿ ಅಳೆದು ಮಾರುತ್ತಾರೆ.
ಭಾಗಮಂಡಲದ ಮಂಜು ದುಬಾರಿ,
ಮಾಕುಟ್ಟದ್ದು ಕೊಂಚ ಹುಳಿ, ಮೀನಿಗೆ ಒಳ್ಳೆಯದು.
ಹತ್ತು ಗಂಟೆಗೆ ಚೀಲ ಬಿಚ್ಚಿದರೆ ಏನೂ ಇಲ್ಲ.
ಯಾರೂ ಹಣ ವಾಪಸು ಕೇಳಿದ್ದಿಲ್ಲ.

ಗಡಿಯಾರದ ಗೋಪುರಕ್ಕೆ ಮುಳ್ಳಿಲ್ಲ,
ತುದಿಯಲ್ಲೊಂದು ಬೈನೆಮರ, ಕಟ್ಟಿದ ಮಡಕೆ.
ತುಂಬಿದರೆ ಸಂಜೆ.
ಕಾವಲಿನವನು ಕುಡಿದುಬಿಟ್ಟರೆ
ಇಡೀ ಊರಿಗೆ ಮತ್ತೆ ಮಧ್ಯಾಹ್ನ.

ನ್ಯಾಯಸ್ಥಾನ ಅರ್ಧ ಈ ದಡ, ಅರ್ಧ ಆ ದಡ.
ನಡುವೆ ಕಟ್ಟಿಹಾಕಿದ ದೋಣಿಯಲ್ಲಿ ಚೋಂದವ್ವ ಟೀಚರು
(ಏಳರ ಮಗ್ಗಿ ತಪ್ಪಿದ್ದಕ್ಕೆ ನನ್ನ ಕಿವಿ ಹಿಂಡಿದವರು,
ಅವರಿಗಿಂತ ನ್ಯಾಯವಂತರು ಸಿಗಲಿಲ್ಲ)
ಕೊಡೆ ಬಿಡಿಸಿ ಕೂತು ತೀರ್ಪು ಓದುತ್ತಾರೆ.
ನೀರು ಏರಿದ ದಿನ ತೀರ್ಪು ತೇಲಿ
ಕೆಳಗಿನ ಊರಿಗೆ ಹೋಗುತ್ತದೆ.
ಅವರು ಅದನ್ನು ತಮ್ಮದೆಂದೇ ಪಾಲಿಸುತ್ತಾರಂತೆ.

ಇಷ್ಟು ಕಟ್ಟಿದ್ದೆ.

ಆ ಆಗಸ್ಟಿನ ರಾತ್ರಿ ಎರಡೂವರೆಗೆ
ಅಳತೆಪಟ್ಟಿಯ ತಲೆಯೂ ಮುಳುಗಿತು.
ಕಚೇರಿಯಿಂದ ಫೋನು: ಎಷ್ಟು ಮೀಟರು, ಬೇಗ ಹೇಳಿ.
ಟಾರ್ಚು ಬಿಟ್ಟೆ. ಸಂಖ್ಯೆಗಳೆಲ್ಲ ನೀರಿನೊಳಗೆ.
ಬಾಯಿಗೆ ಬಂದದ್ದು ಇಷ್ಟೇ:
ಮಂಜಿನ ಸಂತೆ ಹೋಯಿತು ಸಾರ್,
ನೆರಿಗೆಸೇತುವೆಯ ಮೊಣಕಾಲಿಗೆ ಬಂದಿದೆ.
ಆ ಕಡೆ ಸ್ವಲ್ಪ ಹೊತ್ತು ಬರೀ ಮಳೆ. ಆಮೇಲೆ,
ಕುಡಿದಿದ್ದೀರಾ, ಉತ್ತಯ್ಯ?

ಕುಡಿದಿರಲಿಲ್ಲ.
ಹೊಳೆಬದಿಯ ಮನೆಗಳಿಂದ ಜನ ಏರಿ ಬರುತ್ತಿದ್ದರು
ಕೋಳಿ, ಗ್ಯಾಸ್ ಒಲೆ, ರೇಷನ್ ಕಾರ್ಡು ಹೊತ್ತು.
ಪಾತುಮ್ಮ ಆಡುಮರಿಯನ್ನು ಕೊಡೆಯೊಳಗೆ ಹಿಡಿದು
ತಾನು ನೆನೆಯುತ್ತ ಬಂದಳು.
ಬೊಳಕ ಮನೆಯ ಬಾಗಿಲನ್ನೇ ಕಿತ್ತು
ತಲೆಯ ಮೇಲಿಟ್ಟು ಬಂದ.
ಹುಚ್ಚೇನೋ ಎಂದೆ.
ಲೆಕ್ಕ ಇದರಲ್ಲೇ ಇದೆ, ಎಂದ.

ನೀಲಿ ಬಾಗಿಲು. ಅದರ ಮೇಲೆ
ಮಸಿ, ಸೀಮೆಸುಣ್ಣ, ಕತ್ತಿಯ ಗೀರು:
ವರ್ಷ ವರ್ಷದ ನೀರಿನ ಗುರುತು.
ಪಕ್ಕದಲ್ಲೇ, ವರ್ಷ ವರ್ಷ, ಮಗಳ ಎತ್ತರ.
ಹೋದ ವರ್ಷದ ತನಕ
ಮಗಳೇ ಎರಡು ಬೆರಳು ಮುಂದೆ.

ನಾನು ಸರ್ಕಾರದ ಪುಟದಲ್ಲಿ
"ಅಂದಾಜು" ಎಂದು ಬರೆದು ಸಹಿ ಹಾಕಿದೆ.

ಈಗ ಏಳ್ಕಡವಿಗೆ ಮೂಡಣದಿಂದಲೂ ಬರಬಹುದು.
ಗೋಡೆಯಿಲ್ಲದೆ ನಿಂತ ಒಂದು ನೀಲಿ ಬಾಗಿಲು,
ದೂರದಿಂದಲೇ ಕಾಣುತ್ತದೆ.
ಒಳಗೆ ಬರುವ ಮೊದಲು ಪ್ರತಿಯೊಬ್ಬರೂ
ಅದಕ್ಕೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲಬೇಕು,
ಅಷ್ಟೇ ಸುಂಕ.

ಬರುವ ಮಾರ್ಚಿಗೆ ನನಗೆ ನಿವೃತ್ತಿ.
ಪುಸ್ತಕ ಒಪ್ಪಿಸಬೇಕು.
ಹಿಂದಿನ ಪುಟಗಳನ್ನು ಕೀಳೋಣವೆಂದರೆ
ಹೊಲಿಗೆ ಸಡಿಲ:
ಇವು ಹರಿದರೆ
ಅವೂ ಹರಿಯುತ್ತವೆ.