ಒಂದೆರಡು ಕಡೆ

ಮುಂಜಾನಿ ಐದಕ್ಕ ಫೋನು ಗುರ್ ಅಂತು:
‘ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ
ಒಂದೆರಡು ಕಡೆ ಗುಡುಗು ಸಿಡಿಲು ಸಹಿತ ಭಾರಿ ಮಳೆ,
ಬಿರುಗಾಳಿ. ಬೆಳಗಿನ ಜಾವ ದಟ್ಟ ಮಂಜು.
ನದಿಪಾತ್ರದ ಜನ ಎಚ್ಚರಿಕೆಯಿಂದ ಇರತಕ್ಕದ್ದು.’

ಇಪ್ಪತ್ತೆರಡು ವರ್ಷ ಆತು
ಭೀಮಾ ದಂಡಿ ಮ್ಯಾಲ ಈ ಅಳತಿ ಕಂಬ ಓದ್ಲಾಕತ್ತು,
ಇನ್ನಾ ತಿಳಿದಿಲ್ಲ ನನಗ
ಈ ಒಂದೆರಡು ಕಡೆ ಅನ್ನೋ ಊರು
ಯಾವ ತಾಲೂಕಿನಾಗ ಬರ್ತದ ಅಂತ.

ಹ್ವಾದ ವರ್ಷ ನೀಲಮ್ಮನ ಹೊಲದಾಗ ಇತ್ತು ಅದು,
ಬನ್ನಿಗಿಡದ ಕೆಳಗ.
ಎರಡು ಎಮ್ಮಿ, ಒಂದು ಸ್ಟೀಲಿನ ಬುತ್ತಿ ಡಬ್ಬಿ.
ಡಬ್ಬಿ ಮುಚ್ಚಳ ಕಲ್ಲಿಗೆ ಹತ್ತಿಕೊಂಡು ಕೂತಿತ್ತು,
ಎಷ್ಟು ಎಬ್ಬಿದ್ರೂ ಬರಲಿಲ್ಲ.
ಆಕಿ ನೀರು ಕುಡಿಲಾಕ ಹಳ್ಳಕ್ಕ ಹೋಗಿದ್ದಳು, ಅಷ್ಟ.
ಅದರ ಹಿಂದಿನ ವರ್ಷ
ಮಸೂತಿ ಹಿಂದಿನ ಓಣ್ಯಾಗ ಬಂದು
ನಾಕು ತಗಡು ಒಯ್ದಿತ್ತು.
ಲಾಡ್ಲೆಸಾಬ ಹುಡುಕೋತ ಮೂರು ಹೊಲ ದಾಟಿ ಹೋಗಿ
ತೊಗರ್ಯಾಗ ಮಲಗಿದ್ವು ಕಂಡು
ಬೈಕೋತ ಕರಕೊಂಡು ಬಂದ,
ಓಡಿಹೋದ ಆಡು ತಂದಂಗ.

ಈ ಸಲ ಇಲ್ಲಿ ಹನಿ ಇಲ್ಲ.
ಹಸ್ತಾ ಮಳಿ ಬರೇ ಮ್ವಾಡ ಹೊತ್ಕೊಂಡು ನಿಂತದ.
ಸುರಿದಿದ್ದು ಮ್ಯಾಲ, ಪುಣೆ ಕಡೆ, ಘಟ್ಟದಾಗ.
ಅಲ್ಲಿ ಅವರು ಬಾಗಲ ತೆಗದ್ರ
ಇಲ್ಲಿ ನಮ್ಮ ಹೊಸ್ತಿಲ ತೊಯ್ತದ,
ಎರಡು ದಿನ ತಡ ಮಾಡಿ.
ನಿನ್ನಿ ಸಂಜಿ ಕಬ್ಬಿನ ಗಳ, ಪೈಪಿನ ತುಂಡು,
ಆಮ್ಯಾಲ ಒಂದು ಪ್ಲಾಸ್ಟಿಕ್ ಕುರ್ಚಿ,
ನೆಟ್ಟಗ ಕೂತ್ಕೊಂಡೇ ಹೊಂಟಿತ್ತು
ಯಾರನ್ನೋ ನೋಡ್ಲಾಕ ಹೊಂಟಂಗ.

ಇವತ್ತು ಕಾವಳ.
ಸೇತುವಿ ಇಲ್ಲ. ಆಚಿ ದಂಡಿ ಇಲ್ಲ. ಕಂಬ ಇಲ್ಲ.
ಸಪ್ಪಳ ಒಂದೇ ಅದ,
ಹಿಟ್ಟಿನ ಗಿರಣಿ ಬಂದ್ ಮಾಡೋದು ಮರೆತು
ಯಾರೋ ಮನಿಗೆ ಹೋದಂಗ.
ಬ್ಯಾಟರಿ ಬಿಟ್ರ ಬೆಳಕು ಮುಂದಕ್ಕ ಹೋಗದ
ನನ್ನ ಮಾರಿ ಮ್ಯಾಲೇ ವಾಪಸ್ ಬಂತು.
ಚಪ್ಪಲಿ ಬಿಟ್ಟೆ. ಸೀರಿ ಎತ್ತಿ ಕಟ್ಟಿದೆ.
ಶಹಾಬಾದಿ ಫರಸಿ ಮೆಟ್ಲ
ಅಂಗಾಲಿಲೇ ಎಣಿಸಿಕೋತ ಇಳದೆ.
ಹದಿನಾಕು ಒಣ ಇರ್ಬೇಕಿತ್ತು,
ಐದು ಆದ ಮ್ಯಾಲ ನೀರು ಸಿಕ್ತು.
ಥಂಡಿ ಇರಲಿಲ್ಲ, ಬೆಚ್ಚಗಿತ್ತು.
ಅದಕ್ಕ ಹೆದರಿಕಿ ಬಂತು.

‘ಸಾಹೇಬ್ರ, ಒಂಬತ್ತು ಮೆಟ್ಲ ಮುಳುಗ್ಯಾವ.’
‘ಮೆಟ್ಟಿಲು ಬರೆಯೋ ಕಾಲಂ ಇಲ್ಲಮ್ಮ, ಮೀಟರ್ ಹೇಳಿ.’
‘ಕಂಬ ಕಾಣವಲ್ದು.’
‘ಕಂಡ ಮೇಲೆ ಫೋನ್ ಮಾಡಿ.’
ಕಂಡ ಮ್ಯಾಲ ಎಲ್ಲಾರಿಗೂ ಕಾಣ್ತದಲ್ರಿ ಅಂತ ಅನಬೇಕಿತ್ತು.
ಅನಲಿಲ್ಲ.

ನಡಕ್ಕ ಹಗ್ಗ ಕಟ್ಟಿಕೊಂಡು
ಇನ್ನೊಂದು ತುದಿ ಬೇವಿನಮರಕ್ಕ ಬಿಗಿದು
ಮತ್ತ ಇಳದೆ. ಕಂಬ ತಬ್ಬಿದೆ.
ಎರಕದ ಅಂಕಿ, ಉಬ್ಬಿದ್ವು, ಪುಣ್ಯಾ.
ಬೆರಳಿಗೆ ಮೊದಲು ಏಳು ಹತ್ತಿತು,
ಕೆಳಗ ಆರು, ಅರ್ಧ ನೀರಾಗ.
ನಾ ಕೈ ತೆಗಿಯೋದ್ರಾಗ
ಅದರ ಹೊಟ್ಟಿ ಪೂರಾ ಮುಳುಗಿತ್ತು.

ಕರೆಂಟಿಲ್ಲ, ಮೈಕಿಲ್ಲ.
ತಾಟು ಬಡಕೋತ ಕೆಳಗಿನ ಓಣಿ ಹೊಕ್ಕೆ:
ಏಳ್ರಿ, ದನ ಬಿಡ್ರಿ, ಹುಸೇನವ್ವ, ಮಗಳನ್ನ ಎಬ್ಬಿಸು,
ಬಾಣಂತಿನ ಸಾಲಿ ಮ್ಯಾಲ ಕರಕೊಂಡು ನಡೀರಿ.
ಕಾವಳದಾಗಿಂದ ಒಂದೊಂದೇ ಮಾರಿ ಹೊರಗ ಬಂತು,
ಕೊರಳಿಲ್ಲದ ಮಾರಿ.
ಬಸಲಿಂಗ ಕೈ ಚಾಚಿ ನೋಡಿದ. ಒಣ ಅಂಗೈ.
‘ಮಳಿ ಎಲ್ಲಿ ಅದ ಬೇ?’
‘ಒಂದೆರಡು ಕಡೆ ಅಂದಾರ’ ಅಂದೆ,
‘ಇದ ನೋಡು, ಅದು.’

ಸಾಲಿ ಮಾಳಗಿ ಮ್ಯಾಲ ಕೂತು
ತೊಯ್ದ ಕೈಲೇ ರಿಜಿಸ್ಟರ್ ತೆಗದೆ.
ಮಟ್ಟ: ಆರು ದಾಟ್ಯದ.
ಷರಾ: ಕಾವಳ ಇತ್ತು, ಕೈಲೇ ನೋಡೀನಿ.
ಕೆಳಗ ನಮ್ಮ ಓಣಿ ಹಂಗ ಹಂಗ ಸಣ್ಣದಾಗ್ಲಾಕತ್ತಿತ್ತು.
ಮಳಿ ಕಾಲಂನಾಗ
ಸೊನ್ನಿ ಬರದೆ.